ಬೇಸಿಗೆಯ ಗಾಳಕ್ಕೆ ಯಾವ ನೀರು?

ಏಪ್ರಿಲ್ ಎರಡನೇ ವಾರಕ್ಕೆ ಶಾಲೆಗೆ ರಜೆ ಬೀಳುತ್ತದೆ. ಬೆಂಗಳೂರು, ಮೈಸೂರು ಸೇರಿದವರು ಮಕ್ಕಳನ್ನು ಕಟ್ಟಿಕೊಂಡು ಊರಿಗೆ ಬರುತ್ತಾರೆ. ಬಿಳಿಗೆರೆ, ಹದಿನಾರು, ಸುತ್ತೂರು, ಅತ್ತ ತಿ. ನರಸೀಪುರದ ಸಂಗಮದವರೆಗೆ ಎಲ್ಲ ಮನೆಯಲ್ಲೂ ಒಂದೇ ಮಾತು: ಈ ಸಲ ಎರಡು ದಿನ ಡೇರೆ ಹಾಕಿ ಮೀನು ಹಿಡಿಯೋಣ. ಆಮೇಲೆ ಅಂಗಡಿಗೆ ಹೋಗಿ ಹೊಸ ಗಾಳದ ಕಡ್ಡಿ, ರೀಲು, ಬಣ್ಣಬಣ್ಣದ ಪ್ಲಾಸ್ಟಿಕ್ ಕಪ್ಪೆ ತರುತ್ತಾರೆ. ಯಾವ ನೀರಿಗೆ ಹೋಗುವುದು ಎಂಬುದನ್ನು ಮಾತ್ರ ಹೊರಡುವ ಬೆಳಿಗ್ಗೆ ತೀರ್ಮಾನಿಸುತ್ತಾರೆ.

ಅದು ತಲೆಕೆಳಗಾದ ಕ್ರಮ. ಬೇಸಿಗೆಯಲ್ಲಿ ನೀರಿನ ಆಯ್ಕೆ ಸರಿಯಾದರೆ ಬಿದಿರು ಕಡ್ಡಿಗೂ ಮೀನು ಬೀಳುತ್ತದೆ. ಆಯ್ಕೆ ತಪ್ಪಿದರೆ ದುಬಾರಿ ರೀಲೂ ಉಪಯೋಗಕ್ಕೆ ಬಾರದು. ಮಾರ್ಚ್‌ನಿಂದ ಮೇ ತನಕ ನಮ್ಮ ಕೆರೆ, ನದಿಗಳು ವರ್ಷದಲ್ಲೇ ಅತಿ ಸೊರಗಿರುತ್ತವೆ. ನಮ್ಮ ಭಾರ ತಡೆದುಕೊಳ್ಳುವ ಶಕ್ತಿ ಯಾವ ನೀರಿಗಿದೆ ಎಂದು ನೋಡಿ ಆರಿಸಬೇಕು. ಅದಕ್ಕೆ ಈ ಸೂತ್ರಗಳು.

1. ಮೊದಲು ಮೀನು ಗೊತ್ತುಮಾಡಿ, ಆಮೇಲೆ ನೀರು

ಅಮೆರಿಕದ ಮಿನ್ನೆಸೋಟ, ವಿಸ್ಕಾನ್ಸಿನ್ ಕಡೆ ಮಸ್ಕಿ ಎಂಬ ದೊಡ್ಡ ಬೇಟೆಗಾರ ಮೀನಿದೆ. ಗಾಳದ ಹುಚ್ಚು ಹಿಡಿದವರು ಅದೊಂದಕ್ಕಾಗಿಯೇ ಕೆರೆ ಆರಿಸಿ, ದಡದಲ್ಲಿ ಡೇರೆ ಹೂಡಿ ಬೇಸಿಗೆ ಕಳೆಯುತ್ತಾರೆ. ನಮ್ಮಲ್ಲಿ ಆ ಸ್ಥಾನ ಕುಚ್ಚು ಮೀನಿನದು. ಕೆಲವರು ಕೊರಮೀನು ಎನ್ನುತ್ತಾರೆ, ಪೇಟೆಯಲ್ಲಿ ಮುರಲ್. ಜೊಂಡಿನ ಮರೆಯಲ್ಲಿ ಅಲುಗಾಡದೆ ಕಾದಿದ್ದು ಕಪ್ಪೆಯನ್ನೋ ಸಣ್ಣ ಮೀನನ್ನೋ ಒಂದೇ ನೆಗೆತಕ್ಕೆ ನುಂಗುತ್ತದೆ. ಇದರ ದೊಡ್ಡ ಜಾತಿ ಒಂದು ಮೀಟರ್ ಮೀರಿ ಬೆಳೆಯುತ್ತದೆ.

ಬೇಸಿಗೆಗೆ ನಾನು ಇದನ್ನೇ ಹೇಳುವುದಕ್ಕೆ ಇನ್ನೊಂದು ಕಾರಣವಿದೆ. ಕುಚ್ಚು ಮೀನು ಕಿವಿರಿನಿಂದಷ್ಟೇ ಉಸಿರಾಡುವುದಿಲ್ಲ, ಮೇಲೆ ಬಂದು ಗಾಳಿಯನ್ನೂ ಗುಟುಕರಿಸುತ್ತದೆ. ಕಾದ, ತೆಳುವಾದ ನೀರಿನಲ್ಲಿ ಕಾಟ್ಲಾ, ರೋಹು ಏದುಸಿರು ಬಿಡುವಾಗಲೂ ಇದು ತಾಳಿಕೊಂಡಿರುತ್ತದೆ. ಹಿಡಿದು ಬಿಟ್ಟರೂ ಬದುಕುವ ಸಾಧ್ಯತೆ ಹೆಚ್ಚು. ಹಾಗಾಗಿ ಅಂಚಿನಲ್ಲಿ ಜೊಂಡು, ತಾವರೆ, ನೈದಿಲೆ ಇರುವ, ನಡುವೆ ಬಯಲು ನೀರಿರುವ ಕೆರೆ ಹುಡುಕಿ. ಅಂತರಗಂಗೆ ಇಡೀ ಕೆರೆಯನ್ನು ಚಾಪೆಯಂತೆ ಮುಚ್ಚಿದ್ದರೆ ಅಲ್ಲಿ ನಿಲ್ಲಬೇಡಿ.

ಗೆಂಡೆ ಹಿಡಿಯುವ ಆಸೆಯಿದ್ದರೆ ಆಳ ಬೇಕು. ತೂಬಿನ ಮುಂದೆ, ಏರಿಯ ಬುಡದಲ್ಲಿ ನೀರು ಉಳಿದಿರುವ ದೊಡ್ಡ ಕೆರೆಯೇ ಆಗಬೇಕು.

2. ಕೆರೆ ಹರಾಜು ಹಿಡಿದವರು ಯಾರೆಂದು ಕೇಳಿ

ಊರ ಕೆರೆ ಎಂದರೆ ಎಲ್ಲರ ಕೆರೆ ಎಂದುಕೊಳ್ಳುತ್ತೇವೆ. ನೀರು ಎಲ್ಲರದು, ಮೀನು ಹಾಗಲ್ಲ. 40 ಹೆಕ್ಟೇರ್‌ವರೆಗೆ ಅಚ್ಚುಕಟ್ಟಿರುವ ಕೆರೆ ಸಾಮಾನ್ಯವಾಗಿ ಪಂಚಾಯಿತಿಯ ಕಡೆಗೆ, ಅದಕ್ಕಿಂತ ದೊಡ್ಡವು ಸಣ್ಣ ನೀರಾವರಿ ಇಲಾಖೆಗೆ ಬರುತ್ತವೆ. ಮೀನಿನ ಹಕ್ಕು ಗುತ್ತಿಗೆಯ ಮೇಲೆ ಮೀನುಗಾರರ ಸಹಕಾರ ಸಂಘಕ್ಕೋ ಹರಾಜು ಹಿಡಿದವರಿಗೋ ಹೋಗುತ್ತದೆ. ಇದಕ್ಕೆಲ್ಲ 1996ರ ಕರ್ನಾಟಕ ಒಳನಾಡು ಮೀನುಗಾರಿಕೆ ಅಧಿನಿಯಮವಿದೆ.

ಕಾನೂನಿಗಿಂತ ದೊಡ್ಡದು ಇಲ್ಲಿನ ಲೆಕ್ಕ. ಮಳೆಗಾಲದಲ್ಲಿ ಸಾಲ ಮಾಡಿ ಮೀನು ಮರಿ ಬಿಟ್ಟ ಬೆಸ್ತರ ಮನೆಯವರು ನೀರು ಇಳಿಯುವ ಬೇಸಿಗೆಗಾಗಿಯೇ ಕಾದಿರುತ್ತಾರೆ. ನಮಗೆ ಆಟದ ಕಾಲವಾದದ್ದು ಅವರಿಗೆ ಕೊಯ್ಲಿನ ಕಾಲ. ನೀವು ಎಳೆದ ಐದು ಕೆ.ಜಿ.ಯ ಕಾಟ್ಲಾ ಅವರ ಬೆಳೆ. ಮುಂಚಿತವಾಗಿ ಹೋಗಿ ‘ಅಣ್ಣಾ, ಎರಡು ದಿನ ಗಾಳ ಹಾಕ್ಕೊಬಹುದಾ?’ ಎಂದು ಕೇಳಿ. ಸಿಕ್ಕ ಗೆಂಡೆಗೆ ತೂಕದ ದುಡ್ಡು ಕೊಡುತ್ತೇವೆ, ಕುಚ್ಚು ಸಿಕ್ಕರೆ ಬಿಟ್ಟುಬಿಡುತ್ತೇವೆ ಎಂದು ಮಾತಾಡಿಕೊಳ್ಳಿ. ಅವರೇ ಒಂದು ತೆಪ್ಪ ತಂದು, ಯಾವ ಮೂಲೆಯಲ್ಲಿ ಮೀನು ಮಗುಚುತ್ತದೆ ಎಂದು ತೋರಿಸಿಯಾರು. ಅಷ್ಟು ಮಾಹಿತಿ ಬೇರೆಲ್ಲೂ ಸಿಗದು.

ಬಲೆ ಎಳೆಯುವ ದಿನ ಯಾವುದೆಂದೂ ಕೇಳಿ. ಆ ದಿನಕ್ಕೆ ಹಿಂದೆ ಮುಂದೆ ಹೋಗಬೇಡಿ.

3. ಕಾಡಿನ ನೀರನ್ನು ಪಟ್ಟಿಯಿಂದಲೇ ತೆಗೆಯಿರಿ

ರಂಗನತಿಟ್ಟು ಬೇಡ. ಬಂಡೀಪುರ, ನಾಗರಹೊಳೆಗೆ ಅಂಟಿದ ಕಬಿನಿ ಹಿನ್ನೀರು ಬೇಡ. ಮುತ್ತತ್ತಿ, ಭೀಮೇಶ್ವರಿ, ಗಾಲಿಬೋರೆಯ ಕಾವೇರಿಯೂ ಬೇಡ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳಲ್ಲಿ ಗಾಳ ಹಾಕುವಂತಿಲ್ಲ. ಭೀಮೇಶ್ವರಿಯ ಹೆಸರು ಕೇಳಿದವರು ಇದಕ್ಕೆ ಒಪ್ಪುವುದು ಕಷ್ಟ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಕಾವೇರಿಯ ಬಿಳಿಮೀನು, ಅಂದರೆ ಮಹಶೀರ್, ಗಾಳದವರ ಲೋಕದಲ್ಲಿ ನಮ್ಮ ಸೀಮೆಗೆ ಹೆಸರು ತಂದ ಮೀನು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದ ಡಿ ವೆಟ್ ವ್ಯಾನ್ ಇಂಗೆನ್ ಕಬಿನಿಯಲ್ಲಿ ಹಿಡಿದದ್ದು 120 ಪೌಂಡ್ ತೂಗಿತು, ಹೆಚ್ಚುಕಡಿಮೆ 54 ಕೆ.ಜಿ. ನಂಜನಗೂಡಿನ ಮುಂದೆ ಹರಿಯುವ ಇದೇ ಕಪಿಲೆ ಸಾಕಿದ ಮೀನು ಅದು. ಆಮೇಲೆ ಬಿಳಿಮೀನು ಮುಗಿದೇಹೋಯಿತು ಎಂದು ಹೊರಗಿನವರು ನಂಬಿದ್ದರು. 1970ರ ದಶಕದ ಕೊನೆಗೆ ಬ್ರಿಟನ್ನಿನ ಕೆಲವು ಯುವಕರು ಕಾವೇರಿಗೆ ಬಂದು ದೊಡ್ಡ ಮೀನು ಹಿಡಿದ ಮೇಲೆ ಜಗತ್ತಿನ ಕಣ್ಣು ಮತ್ತೆ ಇತ್ತ ತಿರುಗಿತು. ಭೀಮೇಶ್ವರಿ, ದೊಡ್ಡಮಕ್ಕಳಿ, ಗಾಲಿಬೋರೆಯಲ್ಲಿ ಬಿಡಾರಗಳು ಬೆಳೆದವು. ಹಿಡಿದ ಮೀನನ್ನು ತೂಗಿ, ಚಿತ್ರ ತೆಗೆದು, ನೀರಿಗೆ ಬಿಡುವ ಕ್ರಮ ಅಲ್ಲಿ ನೆಲೆಯೂರಿತು. 1972ರಲ್ಲಿ ಹುಟ್ಟಿದ ದಕ್ಷಿಣ ಭಾರತ ವನ್ಯಜೀವಿ ಸಂಘ ನದಿಯ ಒಂದು ಭಾಗವನ್ನು ಗುತ್ತಿಗೆ ಪಡೆದು ಕಾವಲುಗಾರರನ್ನಿಟ್ಟಿತು. ಸಿಡಿಮದ್ದು ಹಾಕುವವರನ್ನು ತಡೆಯುವುದೇ ಕಾವಲಿನ ಮುಖ್ಯ ಕೆಲಸ.

2010ರ ದಶಕದ ಮೊದಲ ವರ್ಷಗಳಲ್ಲಿ ಅಭಯಾರಣ್ಯದೊಳಗೆ ಗಾಳ ನಿಂತಿತು. ಕಾವಲೂ ಹೋಯಿತು, ಸಿಡಿಮದ್ದು ಮರಳಿತು ಎಂದು ಗಾಳದವರು ಇಂದಿಗೂ ನೋಯುತ್ತಾರೆ. ಆ ನೋವಿನಲ್ಲಿ ಸತ್ಯವಿದೆ. ಆದರೆ 2018ರಲ್ಲಿ ಬಂದ ಸುದ್ದಿಯನ್ನೂ ತೂಗಿ ನೋಡಬೇಕು. ಕಾವೇರಿಯ ಗೂನುಬೆನ್ನಿನ ಮಹಶೀರ್‌ಗೆ ಅಷ್ಟು ವರ್ಷ ಖಚಿತವಾದ ವೈಜ್ಞಾನಿಕ ಹೆಸರೇ ಇರಲಿಲ್ಲ. ಕೇರಳದ ಪಾಂಬಾರಿನಿಂದ 2007ರಲ್ಲಿ ವಿವರಿಸಿದ್ದ ಟಾರ್ ರೆಮಾದೇವಿಯೇ ಇದು ಎಂದು ಸಂಶೋಧಕರು 2018ರಲ್ಲಿ ತೋರಿಸಿಕೊಟ್ಟರು. ಅದೇ ವರ್ಷ ಅದು ಅಳಿವಿನ ಅಂಚಿನ ಕೊನೆಯ ಮೆಟ್ಟಿಲಿನ ಪಟ್ಟಿಗೆ ಸೇರಿತು. ಅಣೆಕಟ್ಟು, ಮರಳು ಸಾಗಣೆ, ಸಿಡಿಮದ್ದು ಒಂದು ಕಡೆ. ಒಳ್ಳೆಯದಾಗಲೆಂದು ಹೊರಗಿನಿಂದ ತಂದು ಬಿಟ್ಟ ನೀಲಿ ರೆಕ್ಕೆಯ ಮಹಶೀರ್ ಮರಿಗಳ ಪೈಪೋಟಿ ಇನ್ನೊಂದು ಕಡೆ. ನಡುವೆ ಮೂಲದ ಮೀನು ಸೊರಗಿದೆ. ಇಂಥ ಜೀವವನ್ನು ಮೇ ತಿಂಗಳ ಬಿಸಿಲಲ್ಲಿ ದಡಕ್ಕೆ ಎಳೆದು ಚಿತ್ರ ತೆಗೆಯುವ ಹಕ್ಕು ನಮಗಿಲ್ಲ ಎಂಬುದೇ ನನ್ನ ತೀರ್ಮಾನ. ಬಿಳಿಮೀನನ್ನು ನೋಡಲೇಬೇಕೆನಿಸಿದರೆ ಶೃಂಗೇರಿಯ ತುಂಗೆಗೋ ಕಾವೇರಿ ದಡದ ರಾಮನಾಥಪುರಕ್ಕೋ ಹೋಗಿ. ಮೆಟ್ಟಿಲ ಮೇಲೆ ಕೂತು ಮಕ್ಕಳಿಗೆ ತೋರಿಸಿ.

ಅಭಯಾರಣ್ಯದ ಹೊರಗೆ, ಕೊಡಗಿನ ವಾಲ್ನೂರಿನಂಥ ಕಡೆ, ಪರವಾನಗಿ ಮೇಲೆ ಗಾಳ ಹಾಕುವ ಪದ್ಧತಿ ಇದೆ. ಹೋಗುವುದಾದರೆ ಈ ವರ್ಷ ಪರವಾನಗಿ ಕೊಡುತ್ತಿದ್ದಾರೆಯೇ ಎಂದು ಕೇಳಿಕೊಂಡೇ ಹೊರಡಿ.

4. ಡಿಸೆಂಬರ್ ಕೆರೆಯನ್ನು ನಂಬಬೇಡಿ

ಕಳೆದ ಚಳಿಗಾಲದಲ್ಲಿ ಕೋಡಿ ಹರಿದದ್ದನ್ನು ನೋಡಿ ಈಗಲೂ ಹಾಗೇ ಇರುತ್ತದೆ ಎಂದುಕೊಂಡು ಹೋದರೆ ಒಣಗಿದ ಅಂಗಳದಲ್ಲಿ ದನ ಮೇಯುತ್ತಿರುತ್ತವೆ. ನಮ್ಮ ಕಡೆ ಎರಡು ಬಗೆಯ ಕೆರೆಗಳಿವೆ. ಒಂದು ಮಳೆಯನ್ನೇ ನಂಬಿದ್ದು. ಇನ್ನೊಂದು ಕಬಿನಿ ನಾಲೆ, ವರುಣಾ ನಾಲೆಯ ನೀರು ಕಂಡದ್ದು. ಎರಡನೆಯದನ್ನು ಆರಿಸಿ. ನಾಲೆ ನಿಂತು ಎಷ್ಟು ದಿನವಾಯಿತು ಎಂದು ಕೇಳಿ. ಕೆರೆ ಪಕ್ಕದಲ್ಲಿ ಪಂಪ್‌ಸೆಟ್ ಇರುವ ರೈತರು ಪೈಪು ಎಷ್ಟು ಮುಂದಕ್ಕೆ ಇಳಿಸಿದ್ದಾರೆಂದು ಹೇಳಿದರೆ ನೀರು ಎಷ್ಟು ಇಳಿದಿದೆ ಎಂಬುದು ತಿಳಿಯುತ್ತದೆ.

ಹೂಳೆತ್ತಿದ ಕೆರೆಯಾದರೆ ಇನ್ನೂ ಎಚ್ಚರ ಬೇಕು. ಜೆಸಿಬಿ ತೋಡಿದ ಗುಂಡಿಗಳ ಅಂಚು ಗೋಡೆಯಂತೆ ಕಡಿದಾಗಿರುತ್ತದೆ. ಮೊಣಕಾಲುದ್ದದ ನೀರಿನಿಂದ ಒಂದು ಹೆಜ್ಜೆ ಇಟ್ಟರೆ ಆಳೆತ್ತರ. ಬೇಸಿಗೆ ರಜೆಯಲ್ಲಿ ಮಕ್ಕಳು ಮುಳುಗಿದ ಸುದ್ದಿ ಓದುವಾಗ ಬಹಳ ಸಲ ಇಂಥದೇ ಗುಂಡಿ ಕಾರಣವಾಗಿರುತ್ತದೆ. ಮಕ್ಕಳೊಂದಿಗೆ ಹೋಗುವವರು ಆ ಕೆರೆಯನ್ನು ಬಿಟ್ಟು ಬೇರೆ ನೋಡಿ. ದಡದಲ್ಲಿ ಒಂದು ಉದ್ದ ಹಗ್ಗ, ಗಾಳಿ ತುಂಬಿದ ಹಳೆಯ ಟ್ಯೂಬು ಇರಲೇಬೇಕು.

5. ಮುಂಜಾನೆ ಒಮ್ಮೆ ಹೋಗಿ ನೀರಿನ ಮುಖ ನೋಡಿ

ಹೋಗುವ ವಾರದಲ್ಲಿ ಒಂದು ದಿನ ಬೆಳಕು ಹರಿಯುವ ಮುನ್ನ ಏರಿಯ ಮೇಲೆ ನಿಲ್ಲಿ. ಇದರಷ್ಟು ಹೇಳಿಕೊಡುವ ಪರೀಕ್ಷೆ ಬೇರೊಂದಿಲ್ಲ.

ಕಾರಣ ಇಷ್ಟು. ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕರಗುವುದು ಕಡಿಮೆ. 20 ಡಿಗ್ರಿಯ ನೀರು ಲೀಟರಿಗೆ ಹೆಚ್ಚೆಂದರೆ ಸುಮಾರು 9 ಮಿಲಿಗ್ರಾಂ ಹಿಡಿದುಕೊಳ್ಳುತ್ತದೆ, 30 ಡಿಗ್ರಿಯದು ಸುಮಾರು 7.5. ಹಗಲಲ್ಲಿ ಪಾಚಿ, ಜಲಸಸ್ಯಗಳು ಆಮ್ಲಜನಕ ಕೊಡುತ್ತವೆ. ರಾತ್ರಿ ಅವೂ ಮೀನಿನಂತೆಯೇ ಅದನ್ನು ತೆಗೆದುಕೊಳ್ಳುತ್ತವೆ. ಹೀಗಾಗಿ ಸೂರ್ಯ ಹುಟ್ಟುವ ಮುಂಚಿನ ಹೊತ್ತು ಕೆರೆಗೆ ಉಸಿರು ಅತಿ ಕಡಿಮೆ. ಆಗ ಮೀನುಗಳು ಮೇಲೆ ಬಂದು ಬಾಯಿ ತೆರೆದು ಮುಚ್ಚುತ್ತಿದ್ದರೆ, ನೀರು ಬಟಾಣಿ ಸಾರಿನ ಬಣ್ಣಕ್ಕೆ ತಿರುಗಿದ್ದರೆ, ಆ ಕೆರೆಯಲ್ಲಿ ಈ ಬೇಸಿಗೆಗೆ ಗಾಳ ಹಾಕಬೇಡಿ. ಅಂಥ ನೀರಿನಲ್ಲಿ ಹತ್ತು ನಿಮಿಷ ಹೋರಾಡಿದ ಗೆಂಡೆ ಬಿಟ್ಟ ಮೇಲೆ ಈಜಿಹೋದಂತೆ ಕಂಡರೂ ಉಳಿಯುವುದು ಅನುಮಾನ.

ಮೀನು ಅಲ್ಲಲ್ಲಿ ಮಗುಚುತ್ತ, ನೀರಕ್ಕಿ ಮುಳುಗೇಳುತ್ತ, ಅಂಚಿನಲ್ಲಿ ಸಣ್ಣ ಮರಿಗಳು ಚದುರುತ್ತ ಇದ್ದರೆ ಕೆರೆ ಆರೋಗ್ಯವಾಗಿದೆ.

6. ಬಿಸಿಲೇರಿದ ಮೇಲೆ ಗಾಳ ಬೇಡ

ಮಸ್ಕಿ ಹಿಡಿಯುವವರಲ್ಲಿ ಒಂದು ಕಟ್ಟುಪಾಡಿದೆ: ನೀರು 27 ಡಿಗ್ರಿ ಮುಟ್ಟಿತೆಂದರೆ ಆ ಮೀನಿನ ತಂಟೆಗೆ ಹೋಗುವುದಿಲ್ಲ. ನಮ್ಮ ಕೆರೆಗಳು ಬೇಸಿಗೆಯಲ್ಲಿ ಅದನ್ನು ಸುಲಭವಾಗಿ ದಾಟುತ್ತವೆ, ನಮ್ಮ ಮೀನುಗಳಿಗೆ ಆ ಬಿಸಿ ಒಗ್ಗಿದೆ. ಅಂಕಿ ಬೇರೆಯಾದರೂ ನಡೆ ಅದೇ ಇರಲಿ. ಬೆಳಿಗ್ಗೆ ಒಂಬತ್ತಕ್ಕೆ ಕಡ್ಡಿ ಮಡಚಿ, ಸಂಜೆ ಬಿಸಿಲು ತಗ್ಗಿದ ಮೇಲೆ ಬಿಚ್ಚಿ. ನಡುವಿನ ಹೊತ್ತಿಗೆ ನೆರಳು, ಮಜ್ಜಿಗೆ, ನಿದ್ದೆ.

7. ಹೊಳೆಯೇ ಬೇಕೆಂದರೆ

ಕಪಿಲೆಯನ್ನು ತುಂಡು ತುಂಡಾಗಿ ನೋಡಬೇಕು. ಹುಲ್ಲಹಳ್ಳಿ ಕಡೆಯ ಹೊಳೆಯೇ ಬೇರೆ, ನಂಜನಗೂಡು ದಾಟಿದ ಮೇಲಿನದೇ ಬೇರೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಕಲುಷಿತ ನದಿಪಾತ್ರಗಳ ಪಟ್ಟಿಯಲ್ಲಿ ನಂಜನಗೂಡಿನಿಂದ ಹೆಜ್ಜಿಗೆವರೆಗಿನ ಕಪಿಲೆಯ ಹೆಸರೂ ಸೇರಿತ್ತು. ಹರಿವು ಕುಗ್ಗುವ ಬೇಸಿಗೆಯಲ್ಲಿ ಕೊಳೆ ಇನ್ನಷ್ಟು ಗಟ್ಟಿಯಾಗುತ್ತದೆ. ಅಲ್ಲಿ ಹಿಡಿದ ಮೀನನ್ನು ಮಕ್ಕಳ ತಟ್ಟೆಗೆ ಹಾಕಲು ನನಗೆ ಮನಸ್ಸು ಬಾರದು.

ಬೀಚನಹಳ್ಳಿಯ ಕಬಿನಿ ಅಣೆಕಟ್ಟಿನಿಂದ ನೀರು ಬಿಟ್ಟರೆ ಹೊಳೆ ಸದ್ದಿಲ್ಲದೆ ಏರುತ್ತದೆ. ಮೈಸೂರಿನ ದಿನಪತ್ರಿಕೆಗಳು ಜಲಾಶಯದ ಮಟ್ಟ, ಒಳಹರಿವು, ಹೊರಹರಿವು ಅಚ್ಚುಮಾಡುತ್ತವೆ. ಗರಿಷ್ಠ 2284 ಅಡಿಗೆ ಎಷ್ಟು ಕೆಳಗಿದೆ ಎಂಬುದಕ್ಕಿಂತ ಹೊರಹರಿವು ನಿನ್ನೆಗಿಂತ ಏರಿದೆಯೇ ಎಂಬುದನ್ನು ನೋಡಿ. ಏರಿದ್ದರೆ ನಡುಗಡ್ಡೆಯ ಬಂಡೆ, ಮರಳ ದಿಬ್ಬಕ್ಕೆ ಹೋಗಬೇಡಿ. ಮರಳು ತೆಗೆದ ಗುಂಡಿ ಹೊಳೆಯಲ್ಲೂ ಉಂಟು. ಸಂಗಮದ ಸುಳಿಯ ಬಗ್ಗೆ ತಿ. ನರಸೀಪುರದವರಿಗೆ ಹೇಳಬೇಕಾಗಿಲ್ಲ.

ಕಾವೇರಿ, ಕಬಿನಿಯಲ್ಲಿ ಮೊಸಳೆಗಳಿವೆ. ಸಂಜೆ ಸೊಂಟಮಟ್ಟ ನೀರಿಗಿಳಿದು ಗಾಳ ಬಿಡಿಸುವುದು, ದಡದಲ್ಲೇ ಮೀನು ಸೀಳಿ ಕರುಳು ಎಸೆಯುವುದು, ಎರಡೂ ಕೂಡದು.

8. ಡೇರೆಗೆ ಕೆರೆ ದಡವಲ್ಲ, ತೋಟದ ಮನೆಯ ಅಂಗಳ

2022ರ ಅಕ್ಟೋಬರ್‌ನಿಂದ 2023ರ ಜನವರಿಯೊಳಗೆ ತಿ. ನರಸೀಪುರ ತಾಲ್ಲೂಕಿನಲ್ಲಿ ಚಿರತೆ ದಾಳಿಗೆ ನಾಲ್ವರು ಸತ್ತರು. ಅವರಲ್ಲಿ ಒಬ್ಬ ಶಾಲೆಗೆ ಹೋಗುವ ಹುಡುಗ. ಆ ತಿಂಗಳುಗಳಲ್ಲಿ ಕತ್ತಲಾದ ಮೇಲೆ ಊರೂರೇ ಬಾಗಿಲು ಹಾಕಿಕೊಂಡಿತ್ತು. ಕಬ್ಬಿನ ಗದ್ದೆ, ಪಾಳು ಗುಡ್ಡ, ಅದರ ನಡುವಿನ ಕೆರೆ ಚಿರತೆಗೂ ಬೇಕಾದ ಜಾಗಗಳೇ. ಊರಿಂದ ದೂರ, ಕಬ್ಬಿನ ಅಂಚಿನಲ್ಲಿ ಡೇರೆ ಹಾಕಿ ಮಕ್ಕಳನ್ನು ಮಲಗಿಸುವುದು ಸಾಹಸವಲ್ಲ, ತಪ್ಪು. ಪರಿಚಯದವರ ತೋಟದ ಮನೆಯ ಅಂಗಳದಲ್ಲಿ, ದೀಪ, ನಾಯಿ, ಬಾಗಿಲು ಇರುವ ಕಡೆ ಡೇರೆ ಹೂಡಿ. ನಸುಕಿನಲ್ಲಿ ಎದ್ದು ಗುಂಪಾಗಿ ಕೆರೆಗೆ ನಡೆಯಿರಿ. ಕೆರೆ ಆರಿಸುವಾಗಲೇ ಹತ್ತಿರದಲ್ಲಿ ಇಂಥ ಮನೆಯಿದೆಯೇ ಎಂದು ನೋಡಿಕೊಳ್ಳಿ.

ಕೊಳಕುಮಂಡಲ ಗದ್ದೆ ಬದುವಿನ ಹಾವು. ಟಾರ್ಚು, ಮುಚ್ಚಿದ ಬೂಟು ಇಲ್ಲದೆ ರಾತ್ರಿ ಹೊರಗೆ ಕಾಲಿಡಬೇಡಿ. ಡೇರೆಯ ಜಿಪ್ ಹಗಲಲ್ಲೂ ಮುಚ್ಚಿರಲಿ.

ಇನ್ನು ಮಳೆ. ಅಶ್ವಿನಿ, ಭರಣಿ ಮಳೆ ನಮ್ಮಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಸಿಡಿಲಿನೊಂದಿಗೇ ಬರುತ್ತದೆ. ಈಗಿನ ಗಾಳದ ಕಡ್ಡಿಗಳು ಬಹುಪಾಲು ಗ್ರಾಫೈಟ್‌ನವು, ವಿದ್ಯುತ್ತನ್ನು ಚೆನ್ನಾಗಿ ಹರಿಸುತ್ತವೆ. ಬಯಲು ಏರಿಯ ಮೇಲೆ ಅದನ್ನು ಎತ್ತಿ ನಿಲ್ಲುವುದೆಂದರೆ ಸಿಡಿಲಿಗೆ ದಾರಿ ತೋರಿದಂತೆ. ಮೊದಲ ಗುಡುಗಿಗೇ ಕಡ್ಡಿ ಕೆಳಗಿಡಿ, ಮನೆಯೊಳಗೋ ಕಾರಿನೊಳಗೋ ಹೋಗಿ. ಕೊನೆಯ ಗುಡುಗು ಕೇಳಿದ ಮೇಲೆ ಅರ್ಧ ಗಂಟೆ ಕಳೆಯಲಿ. ಒಂಟಿ ಮರದಡಿ, ತೆಂಗಿನ ಕೆಳಗೆ ನಿಲ್ಲಬೇಡಿ.

9. ಹಕ್ಕಿಗಳ ಪಾಲು ಬಿಡಿ

ಹದಿನಾರು ಕೆರೆಗೆ ಚಳಿಗಾಲದಲ್ಲಿ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ, ಬೇಸಿಗೆಯ ಹೊತ್ತಿಗೆ ಹೊರಟುಹೋಗುತ್ತವೆ. ಅವು ಹೋದವೆಂದು ಕೆರೆ ಖಾಲಿ ಎಂದುಕೊಳ್ಳಬೇಡಿ. ನೀರು ಇಳಿದ ಬರಿ ನೆಲದಲ್ಲೇ ಟಿಟ್ಟಿಭ ಮೊಟ್ಟೆಯಿಡುವುದು ಈ ತಿಂಗಳುಗಳಲ್ಲಿ. ಒಂದು ಹಕ್ಕಿ ತಲೆಯ ಮೇಲೆ ಕಿರುಚಿ ಸುತ್ತುತ್ತಿದ್ದರೆ ನೀವು ಅದರ ಮೊಟ್ಟೆಯ ಹತ್ತಿರ ಇದ್ದೀರಿ. ಬಂದ ದಾರಿಯಲ್ಲೇ ಹಿಂದೆ ಸರಿಯಿರಿ. ಕಾರನ್ನು ಕೆರೆ ಅಂಗಳಕ್ಕೆ ಇಳಿಸಲೇಬೇಡಿ.

10. ಗಾಳ, ಎರೆ: ಎರಡು ಮಾತು

ಗೆಂಡೆಗೆ ರಾಗಿ ಹಿಟ್ಟು ಗಟ್ಟಿಯಾಗಿ ಬೇಯಿಸಿ ಕಟ್ಟಿದ ಉಂಡೆ ಸಾಕು. ಕಾವೇರಿಯಲ್ಲಿ ಬಿಳಿಮೀನಿಗೂ ಇದನ್ನೇ ಹಾಕುತ್ತಿದ್ದರು. ಕುಚ್ಚು ಮೀನಿಗೆ ರಬ್ಬರ್ ಕಪ್ಪೆ. ಗಾಳದ ಒಳಮುಳ್ಳನ್ನು ಇಕ್ಕಳದಿಂದ ಒತ್ತಿಬಿಟ್ಟರೆ ಬಿಡಿಸುವುದು ಸುಲಭ. ಬೇರೆ ಕೆರೆಯ ಜೀವಂತ ಮೀನನ್ನು ಎರೆಯಾಗಿ ತರಬೇಡಿ. ಸಾಕಣೆಗೆ ದೇಶದಲ್ಲೇ ನಿಷೇಧವಿರುವ ಆಫ್ರಿಕನ್ ಕ್ಯಾಟ್‌ಫಿಷ್ ಹೀಗೆ ಕೈಯಿಂದ ಕೈಗೆ ಹೋಗಿಯೇ ಎಷ್ಟೋ ಕೆರೆ ಸೇರಿದೆ. ತುಂಡಾದ ನೈಲಾನ್ ದಾರ ಒಂದೆಳೆಯೂ ದಡದಲ್ಲಿ ಉಳಿಯಬಾರದು, ಕೊಕ್ಕರೆಯ ಕಾಲಿಗೆ ಅದು ಉರುಳು.

11. ಕೈಯಲ್ಲಿ ಎರಡನೇ ಕೆರೆ ಇರಲಿ

ಒಂದೇ ಕೆರೆ ನಂಬಿ ಹೊರಟವರು, ನೀರು ಕೆಟ್ಟಿದ್ದರೂ ಬಂದ ತಪ್ಪಿಗೆ ಗಾಳ ಹಾಕಿಯೇ ತೀರುತ್ತಾರೆ. ಎರಡನೆಯದಕ್ಕೂ ಮುಂಚೆಯೇ ಅನುಮತಿ ಕೇಳಿಟ್ಟಿದ್ದರೆ ಮೊದಲನೆಯದನ್ನು ಬಿಡಲು ಮನಸ್ಸು ಬರುತ್ತದೆ. ಏರಿಯ ಮೇಲೆ ಮಾರಮ್ಮನ ಗುಡಿಯಿದ್ದು ಊರಹಬ್ಬದ ದಿನಗಳಾಗಿದ್ದರೂ ಇದೇ ಉಪಾಯ ಕೈ ಹಿಡಿಯುತ್ತದೆ. ಹಬ್ಬದ ಕೆರೆಯಲ್ಲಿ ಮೀನು ಹಿಡಿಯಲು ಊರವರು ಒಪ್ಪುವುದಿಲ್ಲ, ಒಪ್ಪಿಸಲು ಹೋಗಲೂಬಾರದು.

12. ಹೊಸನೀರು ಬಂದ ದಿನವೇ ಗಾಳ ಮೇಲೆತ್ತಿ

ಕೃತ್ತಿಕೆ, ರೋಹಿಣಿಯಲ್ಲಿ ಒಳ್ಳೆಯ ಮಳೆಯಾಗಿ ಕೆರೆಗೆ ಕೆಂಪು ನೀರು ನುಗ್ಗಿತೆಂದರೆ ಮೀನಿನ ಲೋಕ ಬದಲಾಗುತ್ತದೆ. ಮೊಟ್ಟೆಯಿಡುವ ಕಾಲ ಹತ್ತಿರವಾಗಿ ಮೀನುಗಳು ಅಂಚಿಗೆ, ಹರಿದು ಬರುವ ಹಳ್ಳದ ಬಾಯಿಗೆ ಬರುತ್ತವೆ. ಆಗ ಹಿಡಿಯುವುದು ಅತಿ ಸುಲಭ, ಅದಕ್ಕೇ ಹಿಡಿಯಬಾರದು. ಜೂನ್ ಮೊದಲ ವಾರಕ್ಕೆ ಪ್ರವಾಸ ಇಟ್ಟುಕೊಂಡವರು ಮೇ ಆರಂಭಕ್ಕೆ ತಂದುಕೊಳ್ಳಿ.

ಜೊಂಡಿನ ಪಕ್ಕ ನೀರಿನ ಮೇಲೆ ಕೆಂಪು ಚುಕ್ಕಿಗಳ ಮೋಡದಂತೆ ಏನೋ ಕುದಿಯುತ್ತಿರುವುದು ಕಂಡರೆ ಅವು ಕುಚ್ಚು ಮೀನಿನ ಮರಿಗಳು. ಅಡಿಯಲ್ಲಿ ತಾಯಿ ತಂದೆ ಎರಡೂ ಕಾವಲಿರುತ್ತವೆ. ಹತ್ತಿರ ಬಂದ ಯಾವುದನ್ನಾದರೂ ಸಿಟ್ಟಿನಿಂದ ಕಚ್ಚುವುದರಿಂದ ಗಾಳಕ್ಕೆ ತಕ್ಷಣ ಬೀಳುತ್ತವೆ. ಒಂದನ್ನು ಎಳೆದುಕೊಂಡರೂ ಕಾವಲು ಮುರಿಯುತ್ತದೆ, ಉಳಿದ ಮೀನು, ಹಕ್ಕಿಗಳು ಸೇರಿ ಮರಿಗಳನ್ನು ಖಾಲಿ ಮಾಡುತ್ತವೆ. ಆ ಮೂಲೆಗೆ ಗಾಳ ಎಸೆಯಬೇಡಿ. ಸಂಘದವರಿಗೆ ಜಾಗ ತೋರಿಸಿ, ಅಲ್ಲಿ ಬಲೆ ಬಿಡದಂತೆ ಹೇಳಿ.